ಜೀಪಿನ ಸ್ಪ್ರಿಂಗ್: ಗಟ್ಟಿಯಾದದ್ದೆಲ್ಲ ಒಳ್ಳೆಯದೆ?

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ಕೊಡಚಾದ್ರಿಯ ಎತ್ತರ 1343 ಮೀಟರ್. ಜೀಪಿನಲ್ಲಿ ಆ ಬೆಟ್ಟ ಹತ್ತಿದವರು ದಾರಿಯನ್ನು ಸುಲಭವಾಗಿ ಮರೆಯಲಾರರು. ಒಂದು ಚಕ್ರ ಕೊರಕಲಿನಲ್ಲಿದ್ದರೆ ಇನ್ನೊಂದು ಕಲ್ಲಿನ ಮೇಲೆ. ಮಳೆಗಾಲದಲ್ಲಿ ಎರಡೂ ಕೆಸರಿನಲ್ಲಿ. ಮಲೆನಾಡಿನ ಇಂಥ ದಾರಿಗಳಲ್ಲಿ ಓಡುವ ಜೀಪುಗಳು ಶಿವಮೊಗ್ಗ, ಭದ್ರಾವತಿಯ ಗ್ಯಾರೇಜುಗಳಿಗೆ ಬಂದಾಗ ಮಾಲೀಕರು ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: "ಇನ್ನೊಂದು ಪ್ಲೇಟು ಹಾಕಿಸಲೆ? ಗಾಡಿಯನ್ನು ಎರಡಿಂಚು ಎತ್ತರಿಸಲೆ?" ಇವುಗಳಿಗೆ ಉತ್ತರ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ.

ಇಬ್ಬರಿಗೆ ಎರಡು ಕೆಲಸ

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕೆಲಸ ಮಾಡುತ್ತವೆ ಎಂಬ ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಭಾರ ಹೊರುವುದು ಸ್ಪ್ರಿಂಗ್. ಚಕ್ರ ಕಲ್ಲಿನ ಮೇಲೇರಿದಾಗ ಅದು ಬಾಗಿ ಶಕ್ತಿಯನ್ನು ಸಂಗ್ರಹಿಸುತ್ತದೆ, ಮರುಕ್ಷಣ ಅದನ್ನು ಹಿಂದಿರುಗಿಸುತ್ತದೆ. ತಡೆಯುವವರಿಲ್ಲದಿದ್ದರೆ ಗಾಡಿ ಉಯ್ಯಾಲೆಯಂತೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ಚಲನಶಕ್ತಿ ಉಷ್ಣವಾಗಿ ಮಾರ್ಪಡುತ್ತದೆ. ಗಾಡಿ ಕುಣಿಯುತ್ತಿದೆ ಎಂದು ಸ್ಪ್ರಿಂಗನ್ನು ಗಟ್ಟಿ ಮಾಡಿಸಿದರೆ, ರೋಗ ಒಂದು, ಮದ್ದು ಇನ್ನೊಂದು ಎಂದಂತೆ.

ನಿಮ್ಮ ಗಾಡಿಯ ಸ್ಪ್ರಿಂಗ್ ಯಾವ ಬಗೆಯದೆಂದು ಮೊದಲು ನೋಡಿ. ಹಳೆಯ ಮಹೀಂದ್ರ ಜೀಪುಗಳಲ್ಲೂ ಮಾರುತಿ ಜಿಪ್ಸಿಯಲ್ಲೂ ಹಿಂದೆ ಮುಂದೆ ಅಖಂಡ ಆಕ್ಸಲ್ ಮತ್ತು ಪಟ್ಟಿ ಸ್ಪ್ರಿಂಗುಗಳಿವೆ. 2010ರ ಥಾರ್‌ನಲ್ಲಿ ಹಿಂದೆ ಮಾತ್ರ ಪಟ್ಟಿ ಸ್ಪ್ರಿಂಗ್. ಮುಂದೆ ತಿರುಚುವಿಕೆಯಿಂದ ಕೆಲಸ ಮಾಡುವ ಸರಳು. 2020ರ ಥಾರ್‌ನಲ್ಲಿ ನಾಲ್ಕೂ ಕಡೆ ಸುರುಳಿ ಸ್ಪ್ರಿಂಗ್. ಒಂದಕ್ಕೆ ಹೊಂದುವ ಮಾರ್ಪಾಡು ಇನ್ನೊಂದಕ್ಕೆ ಹೊಂದದು.

ಅಳೆದು ನೋಡಿ

ಸ್ಪ್ರಿಂಗ್ ಸ್ಥಿರಾಂಕವನ್ನು ಶಾಲೆಯ ಅಂಗಳದಲ್ಲೇ ಕಂಡುಹಿಡಿಯಬಹುದು. ಸಮತಟ್ಟಾದ ಜಾಗದಲ್ಲಿ ಜೀಪು ನಿಲ್ಲಿಸಿ, ಹಿಂಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರ ಅಳೆಯಿರಿ. ಹಿಂದಿನ ಆಕ್ಸಲ್ಲಿನ ನೇರಕ್ಕೆ 200 ಕಿ.ಗ್ರಾಂ ತೂಕದ ಮೂಟೆಗಳನ್ನಿಟ್ಟು ಮತ್ತೆ ಅಳೆಯಿರಿ. ಗಾಡಿ 2.45 ಸೆಂ.ಮೀ ಇಳಿಯಿತೆನ್ನೋಣ. ಪ್ರತಿ ಸ್ಪ್ರಿಂಗಿನ ಪಾಲು 100 ಕಿ.ಗ್ರಾಂ, ಅಂದರೆ 980 ನ್ಯೂಟನ್. ಇದನ್ನು 0.0245 ಮೀಟರಿನಿಂದ ಭಾಗಿಸಿದರೆ ಸ್ಥಿರಾಂಕ ಮೀಟರಿಗೆ 40,000 ನ್ಯೂಟನ್.

ಸ್ಥಿರಾಂಕವನ್ನು ಸ್ಪ್ರಿಂಗ್ ಹೊತ್ತ ದ್ರವ್ಯರಾಶಿಯಿಂದ ಭಾಗಿಸಿ, ವರ್ಗಮೂಲ ತೆಗೆದು, ಅದನ್ನು 6.28ರಿಂದ ಭಾಗಿಸಿದರೆ ಸ್ವಾಭಾವಿಕ ಆವೃತ್ತಿ ದೊರೆಯುತ್ತದೆ. ಖಾಲಿ ಜೀಪಿನಲ್ಲಿ ಈ ಸ್ಪ್ರಿಂಗಿನ ಮೇಲೆ 250 ಕಿ.ಗ್ರಾಂ ಇದ್ದರೆ ಆವೃತ್ತಿ ಸುಮಾರು 2 ಹರ್ಟ್ಸ್; ಜನ ತುಂಬಿ 500 ಕಿ.ಗ್ರಾಂ ಆದಾಗ 1.4 ಹರ್ಟ್ಸ್. ಸಾಮಾನ್ಯ ಕಾರುಗಳಲ್ಲಿ ಇದು 1ರಿಂದ 1.5 ಹರ್ಟ್ಸ್ ಇರುತ್ತದೆ. ಖಾಲಿ ಜೀಪು ಎತ್ತಿ ಎತ್ತಿ ಹಾಕುವುದೇಕೆ ಎಂಬುದು ಈಗ ಸ್ಪಷ್ಟ.

ಐದು ಸಮಾನ ದಪ್ಪದ ಪ್ಲೇಟುಗಳಿಗೆ ಅಂಥದೇ ಇನ್ನೊಂದನ್ನು ಸೇರಿಸಿದರೆ ಸ್ಥಿರಾಂಕ ಸುಮಾರು ಶೇಕಡ 20 ಏರುತ್ತದೆ. ಖಾಲಿ ಗಾಡಿಯ ಆವೃತ್ತಿ 2.2 ಹರ್ಟ್ಸ್ ಆಗುತ್ತದೆ. ಲಾಭವೆಷ್ಟು? ತುಂಬಿದ ಗಾಡಿ ಮೊದಲಿಗಿಂತ ಸುಮಾರು 2 ಸೆಂ.ಮೀ ಕಡಿಮೆ ಕುಸಿಯುತ್ತದೆ, ಅಷ್ಟೆ. ಪ್ಲೇಟಿನ ದಪ್ಪ ಹೆಚ್ಚಿಸುವಾಗ ಇನ್ನೂ ಎಚ್ಚರ ಬೇಕು. ಬಿಗಿತ ದಪ್ಪದ ಘನಕ್ಕೆ ಅನುಪಾತದಲ್ಲಿರುವುದರಿಂದ 6 ಮಿ.ಮೀ ಬದಲು 7 ಮಿ.ಮೀ ಪ್ಲೇಟುಗಳನ್ನು ಹಾಕಿದರೆ ಅದು ಶೇಕಡ 59ರಷ್ಟು ಜಿಗಿಯುತ್ತದೆ.

ಕಾಡುದಾರಿಯಲ್ಲಿ ಬಿಗಿ ಸ್ಪ್ರಿಂಗಿನ ತೊಂದರೆ ಬೇರೆಯೇ. ಒಂದು ಚಕ್ರ ಕಲ್ಲೇರಿದಾಗ ಅದೇ ಆಕ್ಸಲ್ಲಿನ ಇನ್ನೊಂದು ಚಕ್ರ ಕೆಳಗಿಳಿದು ನೆಲ ಮುಟ್ಟಬೇಕು. ಸ್ಪ್ರಿಂಗ್ ಬಾಗದಿದ್ದರೆ ಅದು ಗಾಳಿಯಲ್ಲಿ ನಿಲ್ಲುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ಮೇಲೆದ್ದ ಚಕ್ರ ಸುಮ್ಮನೆ ತಿರುಗುತ್ತದೆ. ನೆಲದ ಮೇಲಿನ ಚಕ್ರಕ್ಕೆ ಬಲ ಸಿಗುವುದಿಲ್ಲ.

ಎತ್ತರದ ಬೆಲೆ

ಎರಡು ಚಕ್ರಗಳ ನಡುವಿನ ಅಗಲ 1.4 ಮೀಟರ್, ಗುರುತ್ವ ಕೇಂದ್ರದ ಎತ್ತರ 0.7 ಮೀಟರ್ ಎಂದಿಟ್ಟುಕೊಳ್ಳಿ. ಸ್ಪ್ರಿಂಗಿನ ಬಾಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಈ ಗಾಡಿ 45 ಡಿಗ್ರಿ ಓರೆಯಲ್ಲಿ ಮಗುಚುತ್ತದೆ. 5 ಸೆಂ.ಮೀ ಎತ್ತರಿಸಿದರೆ ಈ ಮಿತಿ 43 ಡಿಗ್ರಿಗಿಳಿಯುತ್ತದೆ. ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ತಿರುವಿನಲ್ಲಿ ಗಾಡಿ ಉರುಳದೆ ತಡೆಯಬಲ್ಲ ಪಾರ್ಶ್ವ ಬಲ ಸುಮಾರು ಶೇಕಡ 7 ತಗ್ಗುತ್ತದೆ. ಮೇಲ್ಛಾವಣಿಗೆ ಸಾಮಾನು ಕಟ್ಟಿದರೆ ಗುರುತ್ವ ಕೇಂದ್ರ ಮತ್ತಷ್ಟು ಮೇಲೇರುತ್ತದೆ. ಘಾಟಿಯ ತಿರುವಿನಲ್ಲಿ ಒಳಗೆ ಕುಳಿತವರ ಪ್ರಾಣ ಈ ಲೆಕ್ಕದ ಮೇಲೆ ನಿಂತಿರುತ್ತದೆ.

ಎತ್ತರಿಸಿದಾಗ ಪ್ರೊಪೆಲ್ಲರ್ ಶಾಫ್ಟಿನ ಕೋನ, ಸ್ಟಿಯರಿಂಗ್ ಸರಳಿನ ಕೋನ, ಬ್ರೇಕ್ ಹೋಸಿನ ಉದ್ದ ಎಲ್ಲವನ್ನೂ ಪರೀಕ್ಷಿಸಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ವಿಧಿ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಹಣ ಕೊಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಉಕ್ಕಿನ ಹದ

1923ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದ ಭದ್ರಾವತಿಯ ಕಾರ್ಖಾನೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಪಡೆದು, ಮಿಶ್ರಲೋಹದ ಉಕ್ಕು ಹಾಗೂ ವಿಶೇಷ ಉಕ್ಕುಗಳಿಗೆ ಹೆಸರಾಯಿತು. ಉಕ್ಕಿನ ಗುಣ ಬೆರಕೆಯಿಂದ ಮಾತ್ರವಲ್ಲ, ಕಾಯಿಸಿ ತಣಿಸುವ ಕ್ರಮದಿಂದಲೂ ಬರುತ್ತದೆ ಎಂಬುದು ಆ ಊರಿನವರಿಗೆ ಹೊಸ ವಿಷಯವಲ್ಲ. ಸ್ಪ್ರಿಂಗ್ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡ 0.5ರಿಂದ 0.6ರಷ್ಟು ಇಂಗಾಲವಿದ್ದು, ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಬೆರೆತಿರುತ್ತದೆ. ಅದನ್ನು ಕಾಯಿಸಿ ಎಣ್ಣೆಯಲ್ಲಿ ತಣಿಸಿ, ಮತ್ತೆ ಮಿತವಾಗಿ ಕಾಯಿಸಿ ಹದಗೊಳಿಸುತ್ತಾರೆ. ಕುಸಿದ ಪ್ಲೇಟನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಈ ಹದ ಕೆಡುತ್ತದೆ. ಬಿರುಕಿಗೆ ಬೆಸುಗೆ ಹಾಕಿದರೂ ಅದೇ ಗತಿ. ಅಂಥ ಪ್ಲೇಟು ನೋಡಲು ಚೆನ್ನಾಗಿದ್ದರೂ ಲೋಹದ ದಣಿವಿನಿಂದ ದಾರಿಯಲ್ಲಿ ಮುರಿಯಬಹುದು.

ಆಯ್ಕೆ ಹೇಗೆ?

ಮೊದಲು ಬುಷ್, ಯು-ಬೋಲ್ಟ್, ಪ್ಲೇಟುಗಳ ತುಕ್ಕು ಮತ್ತು ಬಿರುಕು ನೋಡಿ. ಬಂಪರಿನ ಒಂದು ಮೂಲೆಯನ್ನು ಒತ್ತಿ ಬಿಡಿ. ಒಂದೆರಡು ಏರಿಳಿತಗಳಲ್ಲಿ ನಿಲ್ಲದಿದ್ದರೆ ಬದಲಿಸಬೇಕಾದದ್ದು ಶಾಕ್ ಅಬ್ಸಾರ್ಬರ್. ಒರಟು ದಾರಿಯಲ್ಲಿ ಬಹಳ ಹೊತ್ತು ಓಡಿಸುವವರಿಗೆ ನೈಟ್ರೋಜನ್ ತುಂಬಿದ್ದು ಅನುಕೂಲ. ಒತ್ತಡದಲ್ಲಿರುವ ಅನಿಲವು ಬಿಸಿ ಎಣ್ಣೆ ನೊರೆಗಟ್ಟುವುದನ್ನು ತಗ್ಗಿಸುತ್ತದೆ. ಸದಾ ಭಾರ ಹೊರುವ ಗಾಡಿಗಷ್ಟೆ ಹೆಚ್ಚಿನ ಪ್ಲೇಟು, ಅದೂ ಕಾಯ್ದೆ ಒಪ್ಪಿದ ಭಾರದ ಮಿತಿಯೊಳಗೆ.

ತರಗತಿಯಲ್ಲಿ ಒಂದು ಪ್ರಯೋಗ ಮಾಡಬಹುದು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಯನ್ನು ಮೇಜಿಗೆ ಬಿಗಿದು, ಇನ್ನೊಂದಕ್ಕೆ ತೂಕ ಕಟ್ಟಿ ಕಂಪಿಸಿರಿ. ಬಳಿಕ ಎರಡು ಬ್ಲೇಡು ಜೋಡಿಸಿ ಕಂಪನ ಎಣಿಸಿ. ಕೊನೆಗೆ ತೂಕವನ್ನು ನೀರಿನಲ್ಲಿ ಮುಳುಗಿಸಿ ನೋಡಿ. ಬ್ಲೇಡು ಹೆಚ್ಚಾದಾಗ ಕುಣಿತ ಚುರುಕಾಗುತ್ತದೆ. ಅದನ್ನು ಬೇಗ ಅಡಗಿಸುವುದು ನೀರು.