ಬಂಗಲೆಯ ಬೇಲಿ ಕಾಡು ಸೇರಿದ ಬಗೆ

ಹಳೆಯ ಮೈಸೂರು ಸೀಮೆಯಲ್ಲಿ ಗೋಡೆಯೆಂಬುದು ಊರಿನ ಕಾವಲಿಗಿತ್ತೇ ಹೊರತು ಸಾಮಾನ್ಯರ ಮನೆಯ ಮುಂದೆ ಇರಲಿಲ್ಲ. ಚೆಂಗಾಳ್ವರು ಆಳಿದ ಪಿರಿಯಾಪಟ್ಟಣಕ್ಕೆ ಕೋಟೆಯಿತ್ತು, ಹೊಲಕ್ಕೆ ಕಳ್ಳಿಯದೋ ಕತ್ತಾಳೆಯದೋ ಬೇಲಿಯಿತ್ತು, ಹಿತ್ತಲಿಗೆ ಬಿದಿರಿನ ತಡಿಕೆಯಿತ್ತು; ಮನೆಯ ಮುಂಭಾಗ ಮಾತ್ರ ಜಗಲಿಯ ಮೂಲಕ ನೇರವಾಗಿ ಬೀದಿಗೆ ತೆರೆದುಕೊಂಡಿದ್ದು, ಜಾತಿಯ ಕಟ್ಟುಪಾಡು ಒಪ್ಪಿದ ಮಟ್ಟಿಗೆ ದಾರಿಹೋಕನೂ ಅಲ್ಲಿ ಕೂತು ದಣಿವಾರಿಸಿಕೊಳ್ಳಬಹುದಾಗಿತ್ತು. ಇಂದು ಹುಣಸೂರು, ಕೆ.ಆರ್. ನಗರಗಳ ಹೊಸ ಬಡಾವಣೆಗಳಲ್ಲಿ ಕಾಂಪೌಂಡು, ಗೇಟು ಇಲ್ಲದ ಮನೆ ಅಪೂರ್ವವಾಗಿರುವುದರ ಹಿಂದೆ ಸುಮಾರು 200 ವರ್ಷಗಳ ಕಥೆಯಿದೆ.

‘ಕಾಂಪೌಂಡು’ ಎಂಬ ಮಾತೇ ದೂರದಿಂದ ಬಂದದ್ದು. ಮಲಯ ಭಾಷೆಯಲ್ಲಿ ಹಳ್ಳಿ ಅಥವಾ ಆವರಣವನ್ನು ಸೂಚಿಸುವ ‘ಕಾಂಪೊಂಗ್’ ಎಂಬ ಪದವೇ ಐರೋಪ್ಯ ವ್ಯಾಪಾರಿಗಳ ಬಾಯಲ್ಲಿ ಹೀಗಾಯಿತೆಂದು, 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ಲರ ‘ಹಾಬ್ಸನ್-ಜಾಬ್ಸನ್’ ಪದಕೋಶದ ಕಾಲದಿಂದಲೂ ಹಲವು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಬೆಂಗಳೂರಿನಲ್ಲಿ 1809ರಲ್ಲಿ ದಂಡುಪ್ರದೇಶ, ಅಂದರೆ ಬ್ರಿಟಿಷ್ ಸೈನ್ಯದ ವಸತಿ, ನೆಲೆಗೊಂಡ ಮೇಲೆ ಈ ಮಾತೂ ಅದು ಸೂಚಿಸುವ ವಸ್ತುವೂ ಕನ್ನಡ ನಾಡಿನಲ್ಲಿ ಬೇರೂರಿದವು. ಅಲ್ಲಿನ ಬಂಗಲೆಯು ಬೀದಿಯ ಅಂಚನ್ನು ಬಿಟ್ಟು, ವಿಶಾಲವಾದ ತೋಟದ ನಡುವೆ ಸರಿದು ನಿಂತಿತು. ಮನೆಗೂ ಬೀದಿಗೂ ನಡುವೆ ಹೀಗೆ ಏರ್ಪಟ್ಟ ಅಂತರವನ್ನು ಗುರುತಿಸಲು ಗೋಡೆ, ದಾಟಲು ಗೇಟು ಬೇಕಾದವು.

ಆ ಕಾಲದ ಇಂಗ್ಲೆಂಡಿನ ಉಪನಗರಗಳಲ್ಲಿ ಗಿಡ್ಡ ಇಟ್ಟಿಗೆ ಗೋಡೆಯ ಮೇಲೆ ಎರಕದ ಕಬ್ಬಿಣದ ಕಟಕಟೆ ನಿಲ್ಲಿಸುವುದು ವಾಡಿಕೆಯಾಗಿತ್ತು. ಎರಕದ ಕಬ್ಬಿಣವೆಂದರೆ ಕರಗಿಸಿ ಅಚ್ಚಿಗೆ ಸುರಿದದ್ದು. ಒಂದೇ ಅಚ್ಚಿನಿಂದ ನೂರಾರು ಈಟಿಮೊನೆಗಳನ್ನೂ ಹೂಬಳ್ಳಿಗಳನ್ನೂ ತೆಗೆಯಬಹುದಾದ್ದರಿಂದ, ಕಮ್ಮಾರನು ಬಡಿದು ರೂಪಿಸುತ್ತಿದ್ದ ಮೆದು ಕಬ್ಬಿಣಕ್ಕಿಂತ ಅದು ಅಗ್ಗವಾಗಿ ಬಿತ್ತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಗೆ ಗ್ಲಾಸ್ಗೋದ ಸಾರಸೆನ್ ಎರಕಶಾಲೆಯಿಂದ ಕಬ್ಬಿಣದ ಭಾಗಗಳು ಬಂದುದು, ಇಂಥ ಸರಕಿಗೆ ಹಡಗಿನ ದಾರಿ ಎಷ್ಟು ಸಲೀಸಾಗಿತ್ತು ಎಂಬುದಕ್ಕೆ ಸಾಕ್ಷಿ. ಆದರೆ ಪ್ರತಿ ಮನೆಯ ಗಡಿಗೂ ಸಾಗರದಾಚೆಯ ಕಬ್ಬಿಣ ತರಿಸುವುದು ದುಬಾರಿ. ನೆಲ ಅಗೆದಲ್ಲೆಲ್ಲ ಸಿಗುವ ಕಗ್ಗಲ್ಲಾದರೋ ಕೈಯಳತೆಯಲ್ಲೇ ಇತ್ತು. ಆದ್ದರಿಂದ ಗೇಟಿನ ಎರಡು ಬದಿಗೆ ಕಲ್ಲುಕುಟಿಗರು ಕಡೆದ ದಪ್ಪ ಕಂಬಗಳು, ಅವುಗಳ ಮೇಲೆ ಬಂಗಲೆಯ ಹೆಸರು ಹೊತ್ತ ಹಲಗೆ, ಉಳಿದ ಗಡಿಗೆ ಕಲ್ಲುಚಪ್ಪಡಿ ಅಥವಾ ಕತ್ತರಿಸಿ ಬೆಳೆಸಿದ ಗಿಡದ ಬೇಲಿ ಎಂಬ ಏರ್ಪಾಡು ರೂಢಿಗೆ ಬಂತು.

1898ರ ಪ್ಲೇಗಿನ ಹಾವಳಿಯು ಈ ಮಾದರಿಯನ್ನು ದಂಡುಪ್ರದೇಶದಿಂದ ಹೊರಕ್ಕೆ ತಂದಿತು. ಇಕ್ಕಟ್ಟಾದ ಪೇಟೆಯೇ ರೋಗದ ನೆಲೆಯೆಂಬ ತಿಳಿವಳಿಕೆಯಿಂದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಗಾಳಿ ಬೆಳಕಿಗಾಗಿ ಮನೆಯ ಸುತ್ತ ಖಾಲಿ ಜಾಗ ಬಿಡಬೇಕೆಂಬ ವಿಚಾರ ಬಲವಾದಂತೆ, ಆ ಖಾಲಿ ಜಾಗದ ಒಡೆತನವನ್ನು ಸಾರುವ ಗೋಡೆಯೂ ಅದರ ಬೆನ್ನಿಗೇ ಬಂತು. 1924ರ ಕಾವೇರಿ ಪ್ರವಾಹದ ಬಳಿಕ ನದಿತೀರದ ಎಡತೊರೆಗೆ ಬದಲಾಗಿ ನಕ್ಷೆ ಬರೆದು ಕಟ್ಟಿದ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಕೃಷ್ಣರಾಜನಗರವು ಈ ಯೋಜಿತ ಪಟ್ಟಣಗಳ ಕಾಲದ ಕೂಸು.

ಆದರೆ ಕಲ್ಲು ಕಬ್ಬಿಣಗಳು ಇಟ್ಟಲ್ಲೇ ಉಳಿದವು. ಇಟ್ಟಲ್ಲಿ ಉಳಿಯದೆ ಹೋದದ್ದು ಗಿಡದ ಬೇಲಿ. ಅಮೆರಿಕ ಖಂಡದ ಉಷ್ಣವಲಯದಿಂದ ಯುರೋಪಿನ ತೋಟಗಳಿಗೆ ಹೋಗಿ, ಅಲ್ಲಿಂದ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿಳಿದ ಲಂಟಾನವು ಅಲಂಕಾರದ ಗಿಡವಾಗಿ, ಬೇಲಿಯ ಗಿಡವಾಗಿ ನಾಡೆಲ್ಲ ಹಬ್ಬಿತು. ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಅಂಚಿನಲ್ಲಿ ಗುಲಾಬಿ ಬಣ್ಣದ ಹೂ, ಮುಟ್ಟಿದರೆ ತರಕಲಾಗಿ ತಾಗುವ ಎಲೆ, ದನ ಬಾಯಿ ಹಾಕದ ಘಾಟುವಾಸನೆ, ಎಷ್ಟು ಕತ್ತರಿಸಿದರೂ ಮತ್ತೆ ಚಿಗುರುವ ಬುಡ: ಬಂಗಲೆಯ ಬೇಲಿಗೆ ಬೇಕಾದ ಗುಣಗಳೆಲ್ಲ ಅದರಲ್ಲಿದ್ದವು. ಅದರ ಕಪ್ಪು ಹಣ್ಣನ್ನು ತಿಂದ ಪಿಕಳಾರಗಳಿಗೆ ಯಾವ ಕಾಂಪೌಂಡೂ ಅಡ್ಡಿಯಾಗಲಿಲ್ಲ. ಅವು ಹಾರಿದಲ್ಲೆಲ್ಲ ಬೀಜ ಬಿತ್ತು.

ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ ತಾಲ್ಲೂಕುಗಳ ಅಂಚಿಗೆ ಚಾಚಿರುವ ನಾಗರಹೊಳೆಯ ಕಾಡಿನಲ್ಲಿ ಇಂದು ಲಂಟಾನದ ಪೊದೆಗಳು ಮರಗಳ ಕೆಳಗಿನ ನೆಲವನ್ನು ಹಲವೆಡೆ ಪೂರ್ತಿಯಾಗಿ ಆವರಿಸಿವೆ. ಅದರ ನೆರಳಲ್ಲಿ ಹುಲ್ಲು ಬೆಳೆಯದು. ಆನೆ, ಕಾಟಿ, ಜಿಂಕೆಗಳಿಗೆ ಮೇವು ಸಾಲದು. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗಿದ್ದು, ಆನೆಗಳು ರಾಗಿ, ಜೋಳದ ಹೊಲಗಳಿಗೆ ಇಳಿಯಲು ಇರುವ ಹಲವು ಕಾರಣಗಳಲ್ಲಿ ಈ ಮೇವಿನ ಕೊರತೆಯನ್ನೂ ಎಣಿಸಲಾಗುತ್ತದೆ.

ಇದರಿಂದ ಕಾಡಿಗೂ ಒಂದು ಕಾಂಪೌಂಡು ಬೇಕಾಯಿತು. ಆನೆ ಇಳಿಯಲಾರದಷ್ಟು ಆಳದ ಕಂದಕ, ಮುಟ್ಟಿದರೆ ಕ್ಷಣಕಾಲ ಜುಮ್ಮೆನಿಸುವ ಸೌರಬೇಲಿ ಇವೆಲ್ಲದರ ನಂತರ ಅರಣ್ಯ ಇಲಾಖೆಯು ರೈಲ್ವೆಯ ಹಳೆಯ ಹಳಿಗಳನ್ನು ಕಂಬವಾಗಿ ನೆಟ್ಟು, ಹಳಿಗಳನ್ನೇ ಅಡ್ಡಪಟ್ಟಿಯಾಗಿ ಬಿಗಿದು ತಡೆಬೇಲಿ ಕಟ್ಟಿತು. ದಕ್ಷಿಣ ಆಫ್ರಿಕದ ಆಡ್ಡೊ ಆನೆಧಾಮದಲ್ಲಿ 1954ರಲ್ಲೇ ಟ್ರಾಮ್ ಹಳಿ ಮತ್ತು ಲಿಫ್ಟಿನ ಉಕ್ಕಿನ ಹಗ್ಗಗಳಿಂದ ಇಂಥದೇ ಬೇಲಿ ಹಾಕಲಾಗಿತ್ತು. ಈ ಬೇಲಿ ಬೆಳೆಯನ್ನು ಕಾಯುತ್ತದೆಯಾದರೂ ಅದಕ್ಕೂ ಬೆಲೆ ತೆರಬೇಕಾಗಿದೆ: 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ವಲಯದಲ್ಲಿ ಹಳಿ ದಾಟಲು ಹೋದ ಗಂಡಾನೆಯೊಂದು ಅದರ ಮೇಲೆಯೇ ಸಿಕ್ಕಿಕೊಂಡು ಸತ್ತಿತು.

ಕಲ್ಲಿನ ಗೋಡೆ, ಕಬ್ಬಿಣದ ಕಟಕಟೆಗಳನ್ನು ಪರಂಪರೆಯೆಂದು ಉಳಿಸಿಕೊಳ್ಳುವವರು ಅವುಗಳ ಜೊತೆಗೇ ನೆಟ್ಟ ಗಿಡದ ಲೆಕ್ಕವನ್ನೂ ಇಡಬೇಕು, ಏಕೆಂದರೆ ಗೋಡೆಯನ್ನು ಒಡೆಯಲು ಒಂದು ದಿನ ಸಾಕು. ಲಂಟಾನವನ್ನಾದರೋ ಚಿಗುರುವ ಬುಡದ ಕೆಳಗೇ ಕಡಿದು ಮಗುಚಿ ಹಾಕಿದ ಮೇಲೂ, ಬೀಜದಿಂದ ಮರುಹುಟ್ಟು ಪಡೆಯುವ ಸಸಿಗಳನ್ನು ವರ್ಷಗಟ್ಟಲೆ ಕಿತ್ತುಹಾಕುತ್ತಲೇ ಇರಬೇಕಾಗುತ್ತದೆ. ಹಾಗೆ ಕಡಿದ ಕಡ್ಡಿಗಳಿಂದ ಮಲೆಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಬುಟ್ಟಿಗಳನ್ನು ಹೆಣೆಯುತ್ತಾರೆ. ನೀಲಗಿರಿಯ ಆದಿವಾಸಿ ಕುಶಲಕರ್ಮಿಗಳು ಅದೇ ಕಡ್ಡಿಗಳಿಂದ ಕಟ್ಟಿದ ಆಳೆತ್ತರ ಮೀರಿದ ಆನೆಗಳ ಹಿಂಡು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿತ್ತು.