ಒದ್ದೆಯಾಗಿರುವಾಗಲೇ ನೋಡಬೇಕು

ದಿನಸಿ ಅಂಗಡಿಯಲ್ಲಿ ‘ಚೈನಾ ಗ್ರಾಸ್’ ಎಂದು ಕೇಳಿದರೆ ಸಿಗುವ ಬಿಳಿ ಎಳೆಗಳು ಕೆಂಪು ಕಡಲಪಾಚಿಯಿಂದ ತೆಗೆದ ಅಗರ್. ನೂರು ಗ್ರಾಂ ನೀರಿಗೆ ಒಂದು ಗ್ರಾಂ ಹಾಕಿ ಕುದಿಸಿ ಆರಿಸಿದರೆ ಸಾಕು, ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿಯಾಗುತ್ತದೆ. ಅದರಲ್ಲಿ ಇರುವುದು 99 ಪಾಲು ನೀರೇ, ಆದರೂ ಹರಿಯದು. ತಣಿಯುವಾಗ ಅಗರ್‌ನ ಉದ್ದನೆಯ ಅಣುಸರಪಳಿಗಳು ಸುರುಳಿಗೊಂಡು, ಕಟ್ಟುಕಟ್ಟಾಗಿ ಸೇರಿ ನೀರಿಗೆ ಬಲೆ ಹೆಣೆಯುತ್ತವೆ. 40 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪಾದದ್ದು ಮತ್ತೆ ಕರಗಲು 85 ಡಿಗ್ರಿಯಷ್ಟು ಬಿಸಿ ಬೇಕು. ಆ ಕಟ್ಟುಗಳು ಅಷ್ಟು ಬಿಗಿ.

ಆ ಬಲೆಯನ್ನು ನೋಡುವುದು ಸುಲಭವಲ್ಲ. ಸಾಮಾನ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಜೆಲ್ಲನ್ನು ಒಣಗಿಸಬೇಕು. ಒಣಗಿದರೆ ಎಳೆಗಳು ಕುಗ್ಗಿ ಒಂದಕ್ಕೊಂದು ಅಂಟುತ್ತವೆ. ಕಾಣುವುದು ಜೆಲ್ ಅಲ್ಲ, ಅದರ ಅವಶೇಷ. ಹಾಗಾಗಿಯೇ ಫ್ರಾನ್ಸಿನ ಗ್ರೆನೋಬ್ಲ್ ನಗರದ ಲಾವ್–ಲ್ಯಾಂಜವ್ಯಾ ಸಂಸ್ಥೆ ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ಫ್ರಾನ್ಸ್ ಮತ್ತು ಜರ್ಮನಿ 1967ರಲ್ಲಿ ಕಟ್ಟಿದ ಈ ಸಂಸ್ಥೆಗೆ ಬ್ರಿಟನ್ 1973ರಲ್ಲಿ ಜೊತೆಯಾಯಿತು. ಅಲ್ಲಿನ ರಿಯಾಕ್ಟರ್ ವಿದ್ಯುತ್ತಿಗಾಗಿ ಅಲ್ಲ, ನ್ಯೂಟ್ರಾನುಗಳಿಗಾಗಿ ಉರಿಯುತ್ತದೆ. ಅವುಗಳಿಂದ ನೋಡಲು ಜೆಲ್ಲನ್ನು ಒಣಗಿಸಬೇಕಿಲ್ಲ.

ಅಗರ್ ದ್ರಾವಣವನ್ನು ಬಿಸಿಯಿದ್ದಾಗಲೇ ಚಪ್ಪಟೆಯಾದ, ತೆಳು ಗಾಜಿನಂಥ ಕ್ವಾರ್ಟ್ಸ್ ಕೋಶಕ್ಕೆ ಸುರಿಯುತ್ತಾರೆ. ಒಳಗಿನ ಜೆಲ್ ಒಂದೆರಡು ಮಿಲಿಮೀಟರ್ ದಪ್ಪ. ಬಾಯಿ ಮುಚ್ಚಿ ತಣಿಸಿ, ನ್ಯೂಟ್ರಾನ್ ಕಿರಣಕ್ಕೆ ಅಡ್ಡ ಇಡುತ್ತಾರೆ. ಹೆಚ್ಚಿನ ನ್ಯೂಟ್ರಾನುಗಳು ನೇರ ಹೋಗುತ್ತವೆ, ಕೆಲವು ಎಳೆಗಳಿಗೆ ತಾಗಿ ಬಾಗುತ್ತವೆ. ರಚನೆ ದೊಡ್ಡದಾದಷ್ಟೂ ಬಾಗು ಚಿಕ್ಕದು. ಹತ್ತಾರು, ನೂರಾರು ನ್ಯಾನೊಮೀಟರ್ ಅಳತೆಯ ಎಳೆಗೆ ಒಂದು ಡಿಗ್ರಿಗಿಂತಲೂ ಕಡಿಮೆ. ಅದನ್ನು ನೇರ ಕಿರಣದಿಂದ ಬೇರ್ಪಡಿಸಲು ದೂರ ಬೇಕು. ಅದಕ್ಕೇ ಇಲ್ಲಿನ ‘ಡಿ11’ ಎಂಬ ಉಪಕರಣದ ನಿರ್ವಾತ ಕೊಳವೆ ಸುಮಾರು 40 ಮೀಟರ್ ಉದ್ದವಿದ್ದು, ಶೋಧಕ ಅದರೊಳಗೆ ಹಿಂದೆ ಮುಂದೆ ಸರಿಯುತ್ತದೆ.

ಇದರ ನಿಜವಾದ ಜಾಣ್ಮೆ ಇರುವುದು ನೀರಿನಲ್ಲಿ. ಸಾಮಾನ್ಯ ಹೈಡ್ರೋಜನ್ ಮತ್ತು ಭಾರಜಲದ ಡ್ಯುಟೀರಿಯಂ ರಸಾಯನದಲ್ಲಿ ಬಹುತೇಕ ಒಂದೇ. ನ್ಯೂಟ್ರಾನನ್ನು ಚದುರಿಸುವ ವಿಷಯದಲ್ಲಿ ಮಾತ್ರ ತೀರಾ ಬೇರೆ. ಜೆಲ್ಲನ್ನು ಭಾರಜಲದಲ್ಲಿ ಮಾಡಿದರೆ ಎಳೆಗಳು ಎದ್ದು ಕಾಣುತ್ತವೆ. ಮಾದರಿಯಲ್ಲಿ ಪ್ರೋಟೀನಿದ್ದರೆ, ಸಾಮಾನ್ಯ ನೀರಿನೊಂದಿಗೆ ಬೆರೆಸಿ ಭಾರಜಲದ ಪಾಲನ್ನು ಶೇ 40ರ ಸುತ್ತ ಇಟ್ಟರೆ ಪ್ರೋಟೀನು ನ್ಯೂಟ್ರಾನಿನ ಕಣ್ಣಿಗೆ ಮರೆಯಾಗುತ್ತದೆ. ಹಾಲಿನ ಕೊಬ್ಬು, ಪ್ರೋಟೀನಿನಂಥ ಬೆರಕೆಯಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಓದಲು ಇದಕ್ಕಿಂತ ಅಚ್ಚುಕಟ್ಟಾದ ಉಪಾಯ ನಾನು ಕಂಡಿಲ್ಲ. ಮುಂಬೈನ ಟ್ರಾಂಬೆಯಲ್ಲಿ 1985ರಲ್ಲಿ ಆರಂಭವಾದ ‘ಧ್ರುವ’ ರಿಯಾಕ್ಟರಿನಲ್ಲೂ ಇಂಥ ಚದುರುವಿಕೆಯ ಅಧ್ಯಯನ ನಡೆಯುತ್ತದೆ.

ಕೊನೆಗೆ ಕೈಗೆ ಸಿಗುವುದು ಫೋಟೊ ಅಲ್ಲ, ಯಾವ ಕೋನಕ್ಕೆ ಎಷ್ಟು ನ್ಯೂಟ್ರಾನುಗಳು ಬಾಗಿದವು ಎಂದು ತೋರುವ ಒಂದು ವಕ್ರರೇಖೆ. ಲಾಗ್ ಅಳತೆಯ ನಕ್ಷೆಯಲ್ಲಿ ಅದರ ಇಳಿಜಾರು ಒಂದರಷ್ಟಿದ್ದರೆ ಕಡ್ಡಿಯಂಥ ಎಳೆ. ನಾಲ್ಕರಷ್ಟಿದ್ದರೆ ಅಂಚು ನುಣುಪು. ಬೇರೆ ಬೇರೆ ರಚನೆಗಳು ಒಂದೇ ರೇಖೆ ಕೊಡಬಲ್ಲವು, ಆದ್ದರಿಂದ ಸೂಕ್ಷ್ಮದರ್ಶಕದ ಸಾಕ್ಷ್ಯವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಗ್ರೆನೋಬ್ಲ್‌ನ ಅದೇ ಆವರಣದಲ್ಲಿ ಯುರೋಪಿನ ಸಿಂಕ್ರೊಟ್ರಾನ್ ಕೂಡ ಇದೆ. ಅಲ್ಲಿನ ಎಕ್ಸ್-ಕಿರಣ ಬಹಳ ಪ್ರಖರ. ಬಿಸಿ ದ್ರಾವಣ ತಣಿದು ಹೆಪ್ಪಾಗುವುದನ್ನು ಕ್ಷಣಕ್ಷಣಕ್ಕೂ ಅಳೆಯಬೇಕಾದಾಗ ಸಂಶೋಧಕರು ಮಾದರಿಯನ್ನು ಅಲ್ಲಿಗೆ ಒಯ್ಯುತ್ತಾರೆ.