ಡ್ರಮ್ ಮಲ್ಚರ್ ಯಂತ್ರ ಮತ್ತು ರಾಸುಗಳ ಹೊಟ್ಟೆ



ಜುಗೂಳ ಕೃಷ್ಣಾ ನದಿಯ ದಂಡೆಯ ಊರು. ಹೊಳೆಯ ಆಚೆ ಖಿದ್ರಾಪುರ, ಈಚೆ ನಮ್ಮ ಕಾಗವಾಡ ತಾಲ್ಲೂಕು. ಕಬ್ಬು ಮತ್ತು ಹೈನು ಇವೆರಡೂ ಇಲ್ಲಿ ಒಂದೇ ಹೊಲದಲ್ಲಿ ಕೂಡುತ್ತವೆ. ಕಬ್ಬು ಕಾರ್ಖಾನೆಗೆ ಹೋಗುತ್ತದೆ, ತುದಿಯ ಹಸಿರು ವಾಡೆ ಗೋದಲಿಗೆ ಬರುತ್ತದೆ, ಒಣ ರವದಿ ಹೊಲದಲ್ಲಿಯೇ ಉಳಿಯುತ್ತದೆ. ಈ ರವದಿಗೆ ಕಡ್ಡಿ ಗೀರಿ ಸುಡುವುದು ಬಹಳ ದಿನಗಳ ರೂಢಿ. ಈಗ ಆ ರೂಢಿ ಕಡಿಮೆಯಾಗುತ್ತಿದೆ. ಟ್ರ್ಯಾಕ್ಟರಿಗೆ ಜೋಡಿಸುವ ಮಲ್ಚರ್ ಬಂದು ರವದಿಯನ್ನು ಪುಡಿ ಮಾಡಿ ನೆಲಕ್ಕೆ ಹಾಸುತ್ತದೆ. ಹಳ್ಳದ ದಂಡೆ, ಕಾಲುವೆಯ ಬದಿ, ಬೀಳು ಭೂಮಿಯಲ್ಲಿ ಬೆಳೆದ ಜಾಲಿಕಂಟಿ ತೆಗೆಯಲು ಎಕ್ಸ್‌ಕವೇಟರ್ ಅಥವಾ ಸ್ಕಿಡ್ ಸ್ಟಿಯರ್ ಯಂತ್ರಗಳಿಗೆ ಜೋಡಿಸುವ ಡ್ರಮ್ ಮಲ್ಚರ್‌ಗಳೂ ದೊರೆಯುತ್ತವೆ. ಸುಡುವುದಕ್ಕಿಂತ ಪುಡಿ ಮಾಡುವುದು ಲೇಸು, ಇದರಲ್ಲಿ ನನಗೆ ಅನುಮಾನವಿಲ್ಲ. ಎಕರೆಗೆ ಮೂರು ನಾಲ್ಕು ಟನ್ ಬೀಳುವ ರವದಿ ಮಣ್ಣಿಗೆ ಸೇರಿದರೆ ತೇವ ಉಳಿಯುತ್ತದೆ, ಕಸ ಕಡಿಮೆಯಾಗುತ್ತದೆ. ಆದರೆ ನಾನು ಪಶುವೈದ್ಯ. ಈ ಯಂತ್ರ ಹೊಲಕ್ಕೆ ಬಂದು ಹೋದ ಮೇಲೆ ಕೊಟ್ಟಿಗೆಯಲ್ಲಿ ಏನಾಗಬಹುದೆಂಬುದನ್ನು ಹೇಳುವುದು ನನ್ನ ಪಾಲಿನ ಕೆಲಸ.

ಮೊದಲು ಯಂತ್ರವನ್ನು ತಿಳಿಯೋಣ. ಉಕ್ಕಿನ ದಪ್ಪ ಉರುಳೆಯೊಂದಕ್ಕೆ ಸಾಲುಸಾಲಾಗಿ ಹಲ್ಲುಗಳನ್ನು ಕೂಡಿಸಿರುತ್ತಾರೆ. ಇದೇ ಡ್ರಮ್. ಟ್ರ್ಯಾಕ್ಟರಿನ ಮಲ್ಚರಿನಲ್ಲಿ ಈ ಹಲ್ಲುಗಳ ಬದಲು ತೂಗಾಡುವ ಬ್ಲೇಡು ಅಥವಾ ಸುತ್ತಿಗೆಗಳಿರುತ್ತವೆ. ನಿಮಿಷಕ್ಕೆ 540 ಸುತ್ತು ತಿರುಗುವ ಪಿ.ಟಿ.ಓ. ದಂಡದ ವೇಗವನ್ನು ಗೇರು ಮತ್ತು ಬೆಲ್ಟು ಹೆಚ್ಚಿಸಿ ಅದಕ್ಕೆ ಕೊಡುತ್ತವೆ. ಎಕ್ಸ್‌ಕವೇಟರಿನ ಡ್ರಮ್ ತಿರುಗುವುದು ಎಣ್ಣೆಯ ಒತ್ತಡದಿಂದ, ಅಂದರೆ ಹೈಡ್ರಾಲಿಕ್ ಮೋಟಾರಿನಿಂದ. ಅದರ ವೇಗವೂ ನಿಮಿಷಕ್ಕೆ ಸಾವಿರ ಸುತ್ತಿಗೆ ಮೇಲೆಯೇ. ಎಕ್ಸ್‌ಕವೇಟರಿಗೆ ಉದ್ದದ ತೋಳು ಇರುವುದರಿಂದ ಅದು ಮೇಲೆ ಗಟ್ಟಿ ನೆಲದಲ್ಲಿ ನಿಂತು ಕೆಳಗಿನ ಇಳಿಜಾರಿನ ಕಂಟಿಯನ್ನು ಸವರಬಲ್ಲದು. ಹೊಳೆದಂಡೆಯ ಕೆಲಸಕ್ಕೆ ಇದೇ ಸರಿ. ಸ್ಕಿಡ್ ಸ್ಟಿಯರ್ ಚಿಕ್ಕ ಯಂತ್ರ, ಡ್ರಮ್ಮನ್ನು ಮುಂದಿಟ್ಟುಕೊಂಡು ನೂಕುತ್ತ ಹೋಗುತ್ತದೆ, ಸಮತಟ್ಟು ಜಾಗಕ್ಕೆ ಒಳ್ಳೆಯದು.

ಬಾಡಿಗೆಗೆ ತರುವವರು ಒಂದು ಮಾತು ಕೇಳಿಕೊಳ್ಳಬೇಕು: ಯಂತ್ರ ಕೊಡುವ ಎಣ್ಣೆಯ ಪ್ರಮಾಣ ಡ್ರಮ್ಮಿಗೆ ಸಾಕೇ? ಸಾಧಾರಣ ಸ್ಕಿಡ್ ಸ್ಟಿಯರ್ ನಿಮಿಷಕ್ಕೆ 70-80 ಲೀಟರ್ ಆಸುಪಾಸು ಎಣ್ಣೆ ಕೊಡುತ್ತದೆ. ದೊಡ್ಡ ಡ್ರಮ್ಮಿಗೆ 100 ಲೀಟರಿಗೂ ಹೆಚ್ಚು ಕೊಡುವ ಹೈ ಫ್ಲೋ ಯಂತ್ರ ಬೇಕು. ಸಾಲದಿದ್ದರೆ ಡ್ರಮ್ ದಪ್ಪ ಕಟ್ಟಿಗೆ ಸಿಕ್ಕಲ್ಲೆಲ್ಲ ನಿಲ್ಲುತ್ತದೆ, ಎಣ್ಣೆ ಕಾಯುತ್ತದೆ, ಗಂಟೆಯ ಬಾಡಿಗೆ ಮಾತ್ರ ಏರುತ್ತದೆ. ಮೋಟಾರಿನಿಂದ ಒಸರುವ ಎಣ್ಣೆಯನ್ನು ಟ್ಯಾಂಕಿಗೆ ಮರಳಿ ಒಯ್ಯುವ ಮೂರನೆಯ ಸಣ್ಣ ಪೈಪು ಹಲವು ಡ್ರಮ್ಮುಗಳಿಗೆ ಇರುತ್ತದೆ. ಅದನ್ನು ಜೋಡಿಸದೆ ಓಡಿಸಿದರೆ ಮೋಟಾರಿನ ಸೀಲು ಹೋಗುತ್ತದೆ. ಒಣ ರವದಿ ರೇಡಿಯೇಟರಿನ ಜಾಲರಿಗೆ ತುಂಬಿ ಬೆಂಕಿ ಹತ್ತುವ ಭಯವೂ ಇದೆ. ದಿನಕ್ಕೆ ಎರಡು ಮೂರು ಸಲ ಜಾಲರಿ ಝಾಡಿಸಬೇಕು, ಹತ್ತಿರ ನೀರಿನ ಟಾಕಿ ಇರಬೇಕು.

ಇನ್ನು ನನ್ನ ವಿಷಯ. ಈ ಡ್ರಮ್ಮಿಗೆ ಕಣ್ಣಿಲ್ಲ. ರವದಿಯ ಜೊತೆಗೆ ತಂತಿ ಬಂದರೆ ತಂತಿಯನ್ನು, ಸೀಸೆ ಬಂದರೆ ಸೀಸೆಯನ್ನು, ನೈಲಾನ್ ಹಗ್ಗ ಬಂದರೆ ಹಗ್ಗವನ್ನು ತುಂಡು ಮಾಡಿ ಹಾಸಿಬಿಡುತ್ತದೆ. ಹತ್ತು ಅಡಿ ಉದ್ದದ ತಂತಿಯನ್ನು ಯಾವ ಆಕಳೂ ನುಂಗುವುದಿಲ್ಲ. ಅದೇ ತಂತಿ ಎರಡು ಬೆರಳು ಉದ್ದದ ಮೊನಚು ತುಂಡುಗಳಾಗಿ ಹುಲ್ಲಿನಲ್ಲಿ ಸೇರಿದರೆ ಪ್ರತಿಯೊಂದೂ ಒಂದು ತುತ್ತಿನ ಅಳತೆಗೆ ಬರುತ್ತದೆ.

ದನ ಮೇಯುವ ರೀತಿಯೇ ಇದಕ್ಕೆ ಕಾರಣ. ಆಡು ಕುರಿಗಳು ತುಟಿಯಿಂದ ಆರಿಸಿ ತಿನ್ನುತ್ತವೆ. ಆಕಳು, ಎಮ್ಮೆಗಳಿಗೆ ಮೇಲಿನ ಮುಂಭಾಗದ ಹಲ್ಲುಗಳಿಲ್ಲ. ನಾಲಿಗೆ ಸುತ್ತಿ ಎಳೆದುಕೊಂಡು, ಹೆಚ್ಚು ಅಗಿಯದೆ ನುಂಗಿ, ಆಮೇಲೆ ಮೆಲುಕು ಹಾಕುತ್ತವೆ. ನಾಲಿಗೆಯ ಮೇಲಿನ ಮುಳ್ಳುಗಳು ಒಳಮುಖವಾಗಿರುವುದರಿಂದ ಒಮ್ಮೆ ಬಾಯಿಗೆ ಬಂದದ್ದು ಹೊರಗೆ ಉಗುಳುವುದು ಕಷ್ಟ. ನುಂಗಿದ ತಂತಿ ಭಾರದಿಂದಾಗಿ ಜೇನುಗೂಡಿನಂತೆ ಕಾಣುವ ಎರಡನೆಯ ಕೋಣೆಯಲ್ಲಿ ತಂಗುತ್ತದೆ. ಆ ಕೋಣೆ ನಿಮಿಷಕ್ಕೊಮ್ಮೆಯಾದರೂ ಹಿಂಡಿಕೊಳ್ಳುತ್ತಿರುತ್ತದೆ. ಹಿಂಡಿದಾಗ ಮೊನಚು ತಂತಿ ಗೋಡೆಗೆ ಚುಚ್ಚುತ್ತದೆ. ಮುಂದೆ ತೆಳುವಾದ ವಪೆ, ಅದರಾಚೆ ಸ್ವಲ್ಪವೇ ಅಂತರದಲ್ಲಿ ಹೃದಯ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕರುವಿನ ಭಾರ ಹೊಟ್ಟೆಯನ್ನು ಮುಂದಕ್ಕೆ ಒತ್ತುವುದರಿಂದ ತಂತಿ ಇನ್ನೂ ಮುಂದೆ ಸರಿಯುತ್ತದೆ. ಎಮ್ಮೆಗಳಲ್ಲಿ ವಪೆಯೇ ಹರಿದು ಜೇನುಗೂಡು ಕೋಣೆ ಎದೆಯೊಳಗೆ ಹೋಗುವ ರೋಗವೂ ಇದೆ. ಪಂಢರಪುರಿ, ಮುರ್ರಾ ಸಾಕುವವರು ಇದನ್ನು ನೆನಪಿನಲ್ಲಿಡಬೇಕು.

ಇದು ಪುಸ್ತಕದ ಮಾತಷ್ಟೇ ಅಲ್ಲ. ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಆರು ತಿಂಗಳ ಗಬ್ಬದ ಮಿಶ್ರತಳಿ ಆಕಳು ಮೇವು ಬಿಟ್ಟಿತೆಂದು ನನಗೆ ಕರೆ ಬಂದಿತ್ತು. ಹಿಂದಿನ ದಿನ ಹನ್ನೊಂದು ಲೀಟರ್ ಕೊಟ್ಟದ್ದು ಅಂದು ನಾಲ್ಕಕ್ಕೆ ಇಳಿದಿತ್ತು. ನಾನು ಅಜೀರ್ಣವೆಂದೇ ತಿಳಿದು ಎರಡು ದಿನ ಹೊಟ್ಟೆಯ ಪುಡಿ ಕೊಟ್ಟೆ. ಮೂರನೆಯ ದಿನ ಮಾಲೀಕರ ತಾಯಿ, ಇದು ಮಲಗಲು ಹೆದರುತ್ತದೆ, ಇಳುಕಲು ದಾರಿಯಲ್ಲಿ ನಡೆಯುವಾಗ ನರಳುತ್ತದೆ ಎಂದರು. ಆ ಮಾತು ಮೊದಲ ದಿನವೇ ನಾನು ಕೇಳಬೇಕಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿದಾಗ ಜೇನುಗೂಡು ಕೋಣೆಯಿಂದ ಮೂರು ತಂತಿ ತುಂಡು ಸಿಕ್ಕವು. ಮೂರರ ತುದಿಗಳೂ ಹೊಸದಾಗಿ ಕಡಿದಂತೆ ಮಿನುಗುತ್ತಿದ್ದವು. ವಿಚಾರಿಸಿದರೆ, ಹದಿನೈದು ದಿನ ಮೊದಲು ಕುಳೆ ಕಬ್ಬಿನ ಹೊಲದಲ್ಲಿ ಮಲ್ಚರ್ ಓಡಿಸಿದ್ದರು. ಬದುವಿನ ಹಳೆಯ ಬೇಲಿ ತಂತಿ ರವದಿಯ ಅಡಿಯಲ್ಲಿ ಬಿದ್ದಿತ್ತು. ಆ ಬದುವಿನ ಹುಲ್ಲನ್ನು ಕೊಯ್ದು ಆಕಳಿಗೆ ಹಾಕುತ್ತಿದ್ದರು. ಆಕಳು ಬದುಕಿತು, ಕರು ಹಾಕಿತು. ಹಾಲು ಮಾತ್ರ ಆ ಸಲ ಎಂಟು ಲೀಟರಿನ ಮೇಲೆ ಏರಲಿಲ್ಲ.

ನಮ್ಮ ಹೊಳೆದಂಡೆಯ ಹೊಲಗಳಲ್ಲಿ ಈ ಅಪಾಯ ಹೆಚ್ಚು. 2005, 2019 ಮತ್ತು 2021ರ ಮಹಾಪೂರಗಳನ್ನು ಯಾರೂ ಮರೆತಿಲ್ಲ. ಪೂರ ಇಳಿದಾಗ ಕಂಟಿಗಳಲ್ಲಿ ಸಿಕ್ಕಿ ಉಳಿದ ತಂತಿ, ತಾಡಪತ್ರಿ ಚೂರು, ಬಾಟಲಿ ಎಷ್ಟೋ ಕಡೆ ಇಂದಿಗೂ ಅಲ್ಲಿಯೇ ಇರುತ್ತವೆ. ಕಂಟಿ ನಿಂತಿರುವವರೆಗೆ ಅವು ಯಾರಿಗೂ ತೊಂದರೆ ಕೊಡುವುದಿಲ್ಲ. ಡ್ರಮ್ ಮಲ್ಚರ್ ಓಡಿದ ದಿನ ಎಲ್ಲವೂ ಪುಡಿಯಾಗಿ ಹರಡುತ್ತವೆ. ಇನ್ನೊಂದು ಮೂಲ ಟಯರು. ಚಳಿ ಕಾಯಿಸಲು ಹೊಲದ ಬದಿಯಲ್ಲಿ ಹಳೆಯ ಟಯರು ಸುಡುತ್ತಾರೆ. ರಬ್ಬರು ಸುಟ್ಟ ಮೇಲೆ ಉಳಿಯುವ ಸಣ್ಣ ಉಕ್ಕಿನ ಎಳೆಗಳು ಸೂಜಿಯಂತೆ ಇರುತ್ತವೆ. ಇಂಗ್ಲೆಂಡಿನಲ್ಲಿ ರಸಮೇವಿನ ಗುಂಡಿಯ ಮೇಲೆ ಭಾರಕ್ಕೆಂದು ಇಟ್ಟ ಹಳೆಯ ಟಯರುಗಳು ಜೀರ್ಣವಾಗಿ, ಅವುಗಳ ತಂತಿಯಿಂದ ದನಗಳು ಸತ್ತ ಪ್ರಕರಣಗಳು ಪಶುವೈದ್ಯರಿಗೆ ಚೆನ್ನಾಗಿ ಗೊತ್ತು.

ಆದುದರಿಂದ ಯಂತ್ರ ಬರುವ ಮುನ್ನಾದಿನವೇ ಮನೆಯ ಇಬ್ಬರು ಬದು ಹಿಡಿದು ನಡೆಯಬೇಕು. ತಂತಿ, ಹಗ್ಗ, ಪ್ಲಾಸ್ಟಿಕ್, ಸೀಸೆ ಆರಿಸಿ ಚೀಲಕ್ಕೆ ತುಂಬಬೇಕು. ಹಳೆಯ ಬೇಲಿ ಇರುವ ಬದುವಿನಿಂದ ಒಂದೆರಡು ಮೀಟರ್ ಬಿಟ್ಟೇ ಯಂತ್ರ ಓಡಿಸಿರಿ, ಉಳಿದದ್ದನ್ನು ಕುಡುಗೋಲಿನಿಂದ ತೆಗೆಯಿರಿ. ಹಸಿರು ವಾಡೆಯನ್ನು ಮೊದಲೇ ಹೊರಗೆ ಸಾಗಿಸಿರಿ. ಪುಡಿಯಾದ ರವದಿಯನ್ನು ಮೇವೆಂದು ತರಬೇಡಿರಿ, ಕೊಟ್ಟಿಗೆಗೆ ಹಾಸಲೂ ಬೇಡ. ಹಸಿದ ದನ ಹಾಸಿಗೆಯನ್ನೂ ತಿನ್ನುತ್ತದೆ. ಆ ಹೊಲದ ಹುಲ್ಲನ್ನು ಮುಂದೆ ಕೊಯ್ಯುವಾಗ ನೆಲಕ್ಕೆ ಹತ್ತಿಸಿ ಕೊಯ್ಯದೆ ನಾಲ್ಕು ಬೆರಳು ಮೇಲೆಯೇ ಕೊಯ್ಯಿರಿ. ಮೇವು ಕತ್ತರಿಸುವ ಯಂತ್ರದ ಬಾಯಿಗೆ ಹಳೆಯ ಸ್ಪೀಕರಿನ ಅಯಸ್ಕಾಂತ ಕಟ್ಟಿದರೂ ಎಷ್ಟೋ ತುಂಡು ಅದಕ್ಕೆ ಅಂಟುತ್ತವೆ. ಇದು ಖರ್ಚಿಲ್ಲದ ಉಪಾಯ.

ಯಂತ್ರ ಓಡುವಾಗ ದನಗಳನ್ನೂ ಮಕ್ಕಳನ್ನೂ ಕನಿಷ್ಠ ನೂರು ಮೀಟರ್ ದೂರ ಇಡಬೇಕು. ಡ್ರಮ್ಮಿನಿಂದ ಸಿಡಿದ ಕಲ್ಲು ಬಂದೂಕಿನ ಗುಂಡಿನಂತೆ ಹಾರುತ್ತದೆ. ಇಂಜಿನ್ ನಿಲ್ಲಿಸಿದ ಮೇಲೂ ಡ್ರಮ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಅದು ಪೂರ್ಣ ನಿಲ್ಲದೆ ಯಾರೂ ಹತ್ತಿರ ಹೋಗಬಾರದು.

ತಂತಿಯ ಮಾತು ವಿಷದ ಗಿಡಗಳಿಗೂ ಸಲ್ಲುತ್ತದೆ. ದಂಡೆಯ ಕಂಟಿಯಲ್ಲಿ ಬೇಶರಮ್, ಲಂಟಾನ, ಔಡಲ, ಕಣಗಿಲೆ ಇರುತ್ತವೆ. ನಿಂತ ಗಿಡವನ್ನು ದನ ಮೂಸಿ ಬಿಟ್ಟುಬಿಡುತ್ತದೆ. ಹುಲ್ಲಿನೊಡನೆ ಪುಡಿಯಾಗಿ ಬಾಡಿದರೆ ಬೇರ್ಪಡಿಸಲು ಅದಕ್ಕೆ ಆಗುವುದಿಲ್ಲ. ಲಂಟಾನ ಯಕೃತ್ತನ್ನು ಕೆಡಿಸಿ ಬಿಸಿಲಿಗೆ ಚರ್ಮ ಸುಲಿಯುವಂತೆ ಮಾಡುತ್ತದೆ, ಕಣಗಿಲೆ ನೇರವಾಗಿ ಹೃದಯಕ್ಕೆ ತಗಲುತ್ತದೆ, ಬೇಶರಮ್ ತಿಂದ ಆಡುಗಳು ನಡಿಗೆ ತಪ್ಪಿ ಸೊರಗುತ್ತವೆ. ಕಾಂಗ್ರೆಸ್ ಹುಲ್ಲು ಸೇರಿದರೆ ಹಾಲೇ ಕಹಿಯಾಗುತ್ತದೆ, ಸಂಘದ ಕ್ಯಾನಿಗೆ ಅಂತಹ ಹಾಲು ಸೇರಬಾರದು. ಜೋಳದ ಕೂಳೆಯ ಮೇಲೆ ಮಲ್ಚರ್ ಓಡಿಸಿದ ಹೊಲದಲ್ಲಿ ಮತ್ತೆ ಚಿಗುರುವ ಎಳೆ ಕುಳೆಯಲ್ಲಿ ಸಯನೈಡ್ ವಿಷ ಇರುತ್ತದೆ. ಅಲ್ಲಿ ದನ ಬಿಡಬಾರದು.

ಪುಡಿಯಾದ ರವದಿ ಬೇಗ ಕೊಳೆಯಲೆಂದು ಅದರ ಮೇಲೆ ಯೂರಿಯಾ ಚೆಲ್ಲುತ್ತಾರೆ. ಕೃಷಿ ಇಲಾಖೆಯವರು ಹೇಳುವ ಪ್ರಮಾಣದಲ್ಲಿ ಹಾಕಿದರೆ ಅದು ಸರಿಯಾದ ಕ್ರಮವೇ. ಆದರೆ ಆ ಹೊಲಕ್ಕೆ ಅಂದು ದನ ನುಗ್ಗಿದರೆ, ಯೂರಿಯಾ ಕರಗಿದ ತಗ್ಗಿನ ನೀರು ಕುಡಿದರೆ, ಅರ್ಧ ಗಂಟೆ ಒಂದು ಗಂಟೆಯೊಳಗೆ ಹೊಟ್ಟೆ ಉಬ್ಬುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಮೈ ನಡುಗುತ್ತದೆ. ಕಾಯುವ ಸಮಯ ಅಲ್ಲ. ವೈದ್ಯರನ್ನು ಕರೆಸಿ, ಯೂರಿಯಾ ಎಂದು ಮೊದಲೇ ಹೇಳಿರಿ. ಅವರು ನಳಿಗೆ ಹಾಕಿ ತಣ್ಣೀರು ಮತ್ತು ವಿನೆಗರ್ ಕೊಡುತ್ತಾರೆ. ಒದ್ದಾಡುವ ರಾಸಿನ ಬಾಯಿಗೆ ನೀವಾಗಿ ಏನನ್ನೂ ಸುರಿಯಬೇಡಿರಿ, ಶ್ವಾಸಕೋಶಕ್ಕೆ ಹೋಗುತ್ತದೆ.

ವಾಡೆಯ ವಿಷಯವಾಗಿ ಒಂದು ಮಾತು. ಹಂಗಾಮಿನಲ್ಲಿ ವಾಡೆಯನ್ನೇ ಹೊಟ್ಟೆ ತುಂಬ ಹಾಕುವುದು ರೂಢಿ. ಅದರಲ್ಲಿ ಸಸಾರಜನಕ ಕಡಿಮೆ, ಆಕ್ಸಲೇಟ್ ಹೆಚ್ಚು. ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕಿ ದೇಹಕ್ಕೆ ಸಿಗದಂತೆ ಮಾಡುತ್ತದೆ. ವಾಡೆಯ ಜೊತೆ ಕಣಕಿ, ದ್ವಿದಳ ಹಸಿರು ಮೇವು, ಪಶು ಆಹಾರ ಮತ್ತು ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿರಿ.

ತಂತಿ ನುಂಗಿದ್ದನ್ನು ಗುರುತಿಸುವುದು ಹೇಗೆ? ಹಾಲು ಒಮ್ಮೆಲೇ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಬೆನ್ನು ಕಮಾನಾಗಿ, ಮುಂಗಾಲಿನ ಮೊಣಕೈ ಹೊರಕ್ಕೆ ಚಾಚಿ ನಿಲ್ಲುತ್ತದೆ. ತಿರುಗಲು, ಮಲಗಲು, ಇಳಿಜಾರಿನಲ್ಲಿ ಇಳಿಯಲು ಒಪ್ಪುವುದಿಲ್ಲ. ಸೆಗಣಿ ಹಾಕುವಾಗ ನರಳುತ್ತದೆ. ಹೆಗಲ ಮೇಲಿನ ಚರ್ಮವನ್ನು ಎರಡೂ ಕೈಯಿಂದ ಹಿಂಡಿದರೆ ಆರೋಗ್ಯದ ಆಕಳು ಬೆನ್ನು ತಗ್ಗಿಸುತ್ತದೆ. ಇದು ತಗ್ಗಿಸದೆ ನರಳುತ್ತದೆ. ಇಷ್ಟು ಕಂಡರೆ ಸಾಕು, ಅದೇ ದಿನ ಕರೆಯಿರಿ. ಗಂಗೆದೊಗಲಿನಲ್ಲಿ ಬಾವು ಬಂದು ಕುತ್ತಿಗೆಯ ನರ ಉಬ್ಬಿದ ಮೇಲೆ ಕರೆದರೆ ತಂತಿ ಹೃದಯದ ಚೀಲ ಮುಟ್ಟಿರುತ್ತದೆ, ಆಗ ನಾವು ಮಾಡುವುದು ಬಹಳ ಕಡಿಮೆ.

ವೈದ್ಯರು ಬರುವವರೆಗೆ ರಾಸನ್ನು ಓಡಿಸಬೇಡಿರಿ. ಮುಂಗಾಲು ಅರ್ಧ ಅಡಿ ಎತ್ತರದಲ್ಲಿರುವಂತೆ ಮಣ್ಣು ಹಾಕಿ ಕಟ್ಟಿರಿ, ಹೊಟ್ಟೆಯ ಭಾರ ಹಿಂದೆ ಸರಿಯುತ್ತದೆ. ಬೇಗ ಗೊತ್ತಾದರೆ ಬಾಯಿಯ ಮೂಲಕ ಅಯಸ್ಕಾಂತ ನುಂಗಿಸಿ, ಪ್ರತಿಜೈವಿಕ ಔಷಧ ಕೊಟ್ಟು ಎಷ್ಟೋ ರಾಸುಗಳನ್ನು ಶಸ್ತ್ರಚಿಕಿತ್ಸೆ ಇಲ್ಲದೆ ಉಳಿಸಬಹುದು. ಆ ಅಯಸ್ಕಾಂತ ಜೇನುಗೂಡು ಕೋಣೆಯಲ್ಲಿಯೇ ಕೊನೆಯವರೆಗೆ ಇರುತ್ತದೆ. ಮಲ್ಚರ್ ಓಡುವ ಹೊಲದ ಮೇವು ತಿನ್ನುವ ಬೆಲೆಬಾಳುವ ಪಡ್ಡೆಗಳಿಗೆ ಗಬ್ಬ ಕಟ್ಟುವ ಮುಂಚೆಯೇ ಒಂದು ನುಂಗಿಸಿಡುವುದು ನನ್ನ ಸಲಹೆ. ಪ್ಲಾಸ್ಟಿಕ್ ಮತ್ತು ಗಾಜಿಗೆ ಅದರಿಂದ ಉಪಯೋಗವಿಲ್ಲ, ಅವನ್ನು ಕೈಯಿಂದಲೇ ಆರಿಸಬೇಕು. ಔಷಧ ನಡೆದಿರುವಾಗ ಮತ್ತು ಆಮೇಲೆ ವೈದ್ಯರು ಹೇಳಿದಷ್ಟು ದಿನ ಆ ರಾಸಿನ ಹಾಲನ್ನು ಸಂಘಕ್ಕೆ ಹಾಕಬಾರದು, ಮನೆಯಲ್ಲಿಯೂ ಬಳಸಬಾರದು.